ಒನಕೆಗಿಂತ ಹಿಂದೆ ಬಿದ್ದ ಸದ್ದು

ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಅರ್ಧಕ್ಕೆ ಬಂದಿತ್ತು. ಕೆಂಪಕ್ಕನ ಎಡಗಡೆ ತೊಟ್ಟಿನ ಗುಡ್ಡೆ, ಬಲಗಡೆಯ ಮೊರದಲ್ಲಿ ಬಿಡಿಸಿದ ಬ್ಯಾಡಗಿ ಕಾಯಿ, ಮಡಿಲಲ್ಲಿ ಇನ್ನೂ ಎರಡು ಬೊಗಸೆ. ಹೊನ್ನಾಳಿಯಿಂದ ಬಂದ ರಹಮತ್‌ಬೀ ಚಪ್ಪಲಿ ಬಿಟ್ಟವಳೇ ಎದುರಿಗೆ ಕೂತು ಮಡಿಲಿಂದ ಒಂದು ಹಿಡಿ ಎತ್ತಿಕೊಂಡಳು. ಬಾ, ಕೂತ್ಕೋ ಎನ್ನುವ ಉಪಚಾರ ಅವರಿಬ್ಬರ ನಡುವೆ ಮೂವತ್ತು ವರ್ಷದ ಹಿಂದೆಯೇ ಮುಗಿದಿತ್ತು.

“ಕಾಗದ ಬರೆದ್ಯೇನು?” ಎಂದಳು ರಹಮತ್‌ಬೀ.

“ಅರ್ಧ ಆಗೈತೆ.”

“ಎಂಟು ತಿಂಗಳಿಂದ ಅರ್ಧಾನೇ ಆಗೈತೆ. ಇನ್ನೆರಡು ತಿಂಗಳು ತಡೆದ್ರೆ ಎಮ್ಮೆನೇ ಈದು ಬಿಡ್ತೈತೆ ಕಣೇ ಕೆಂಪಕ್ಕ.”

ಕೆಂಪಕ್ಕ ನಗಲಿಲ್ಲ. ನಗುವ ಮಾತಾಗಿದ್ದರೂ ಅದು ಮುಳ್ಳಿನ ಹಾಗೆ ನಾಟುವ ಮಾತೂ ಆಗಿತ್ತು.

ಆಗಿದ್ದು ಇಷ್ಟು. ತ್ಯಾವಣಿಗೆಯ ಕೆಂಪಕ್ಕ, ಹೊನ್ನಾಳಿಯ ರಹಮತ್‌ಬೀ, ನ್ಯಾಮತಿಯ ಚೌಡಮ್ಮ, ಈ ಮೂವರು ಮದುವೆ ಮನೆಗಳಿಗೆ ಖಾರ ಕುಟ್ಟಿಕೊಡುತ್ತಿದ್ದ ಹೆಂಗಸರು. ಒಂದೇ ಒರಳು, ಮೂರು ಒನಕೆ. ಒಬ್ಬಳದು ಇಳಿಯುವಾಗ ಇನ್ನೊಬ್ಬಳದು ಏರಬೇಕು, ಮೂರನೆಯವಳದು ತುದಿ ಮುಟ್ಟಿರಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೂ ಒನಕೆಗೆ ಒನಕೆ ತಾಗಿ ಕೈ ಜುಮ್ಮೆನ್ನುತ್ತದೆ. ಆ ಲೆಕ್ಕವನ್ನು ತಪ್ಪದೆ ಹಿಡಿದಿಡುವುದು ಹಾಡು. ಗಿರಣಿಗಳು ಬಂದು ಒನಕೆಗಳು ಅಟ್ಟ ಸೇರಿದ ಮೇಲೂ ಹಾಡು ಮಾತ್ರ ಇವರ ಗಂಟಲಲ್ಲಿ ಉಳಿದಿತ್ತು. ದುಡಿಮೆಯ ಹಾಡುಗಳನ್ನು ಕೂಡಿಡುವ ಒಂದು ಸಂಗ್ರಹ ಕೇಂದ್ರ ವಿಡಿಯೋ ಕಳುಹಿಸಿ ಎಂದು ಕರೆ ಕೊಟ್ಟಾಗ, ಚೌಡಮ್ಮನ ನ್ಯಾಮತಿಯ ಅಂಗಳದಲ್ಲೇ ಕುಟ್ಟಿ, ಹಾಡಿ, ಕಳುಹಿಸಿದ್ದರು.

ಅದಕ್ಕೆ ಬಂದ ಉತ್ತರ ಹೀಗಿತ್ತು: “ಒನಕೆಯ ಪೆಟ್ಟಿಗೂ ಸದ್ದಿಗೂ ಹೊಂದಾಣಿಕೆ ಇಲ್ಲ. ಬಾಯಿ ಮುಚ್ಚಿರುವಾಗಲೂ ಹಾಡು ಕೇಳುತ್ತದೆ. ಹಾಡಿನ ಕೊನೆಯಲ್ಲಿ ಹಾಡಿದವರ ಹೆಸರು ಬರುತ್ತದೆಂದು ತಿಳಿಸಿದ್ದೀರಿ, ಅದೂ ಇಲ್ಲ. ಧ್ವನಿಯನ್ನು ಬೇರೆಡೆಯಿಂದ ತಂದು ಸೇರಿಸಿದಂತೆ ಕಾಣುವುದರಿಂದ ಇದನ್ನು ಸಂಗ್ರಹಕ್ಕೆ ತೆಗೆದುಕೊಳ್ಳಲಾಗುತ್ತಿಲ್ಲ. ವಿವರಣೆಯೊಂದಿಗೆ ಸರಿಯಾದ ಪ್ರತಿ ಬಂದಲ್ಲಿ ಮತ್ತೆ ನೋಡಲಾಗುವುದು.”

ಚೌಡಮ್ಮ ಆ ಕಾಗದವನ್ನು ಎರಡು ಸಲ ಓದಿಸಿ ಕೇಳಿದ್ದಳು. “ನನ್ನ ಗಂಟಲು ನನ್ನದಲ್ಲ ಅಂತಾರಾ?” ಎಂದಷ್ಟೇ ಅಂದಿದ್ದಳು. ಎರಡು ತಿಂಗಳಿಗೆ ತೀರಿಕೊಂಡಳು.

ಈಗ ಮತ್ತೆ ಕುಟ್ಟಿ ತೋರಿಸೋಣವೆಂದರೆ ಮೂರನೆಯ ಒನಕೆಗೆ ಕೈಯಿಲ್ಲ. ಇರುವುದು ಅದೊಂದೇ ವಿಡಿಯೋ, ಅದನ್ನೇ ಸುಳ್ಳು ಎಂದಿದ್ದಾರೆ. “ಧ್ವನಿ ನಮ್ಮದೇ ಸ್ವಾಮಿ” ಎಂದು ಕೆಂಪಕ್ಕ ಬರೆದಿಟ್ಟಿದ್ದಳು. ಅದರ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಕಾಗದ ಅಲ್ಲಿಗೇ ನಿಂತಿತ್ತು. ಬರೀ ಬಾಯಿಮಾತನ್ನು ನಂಬುವವರು ಯಾರು? ಈ ತಿಂಗಳ ಕೊನೆಗೆ ಸಂಗ್ರಹವನ್ನು ಮುಗಿಸುತ್ತೇವೆಂದು ಕೇಂದ್ರದಿಂದ ಮತ್ತೊಂದು ಚೀಟಿ ಬಂದಿತ್ತು. ಉಳಿದಿದ್ದು ಒಂಬತ್ತು ದಿನ.

“ಏಳು, ಚನ್ನಗಿರಿಗೆ ಹೋಗಾನ,” ಎಂದು ರಹಮತ್‌ಬೀ ಎದ್ದಳು. “ಆ ಶಿವಲೀಲಾ ಇನ್ನೊಂದು ಸಲ ನೋಡ್ಲಿ. ತೊಟ್ಟು ಎಲ್ಲಿಗೂ ಓಡಿಹೋಗಲ್ಲ.”

ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಶಿವಲೀಲಾಳ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋಗಳಿಗೆ ಮಿಕ್ಸಿಂಗ್ ಮಾಡಿಕೊಡುವ ಮೂವತ್ತೈದರ ಹೆಂಗಸು. ಕೇಂದ್ರಕ್ಕೆ ಹೋದ ವಿಡಿಯೋವನ್ನು ಜೋಡಿಸಿದವಳೂ ಅವಳೇ. ಈ ಅಜ್ಜಿಯರು ಬಾಗಿಲಲ್ಲಿ ಕಂಡರೆ ಅವಳ ಮುಖ ಸಣ್ಣದಾಗುತ್ತಿತ್ತು. ಈಗಾಗಲೇ ಮೂರು ಸಲ ಸರಿಪಡಿಸಲು ನೋಡಿ ಸೋತಿದ್ದಳು.

“ಬರ್ರಿ ಅಮ್ಮ,” ಎಂದು ಸ್ಟೂಲು ಎಳೆದುಕೊಟ್ಟಳು. “ನಾನೇನು ಮಾಡಿಲ್ಲ ಹೇಳ್ರಿ? ಸದ್ದನ್ನ ಮುಂದಕ್ಕೆ ಎಳೆದ್ರೆ ಕೊನೆ ಕೂಡ್ತೈತೆ, ಮೊದಲು ಕೆಡ್ತೈತೆ. ಹಿಂದಕ್ಕೆ ತಳ್ಳಿದ್ರೆ ಮೊದಲು ಕೂಡ್ತೈತೆ, ಕೊನೆ ಕೆಡ್ತೈತೆ. ಗಿಡ್ಡ ಹೊದಿಕೆ ಆಗೈತೆ ಇದು. ತಲೆ ಮುಚ್ಚಿದ್ರೆ ಕಾಲು ಬಯಲು.”

ಪಕ್ಕದ ಜೆರಾಕ್ಸ್ ಅಂಗಡಿಯ ಮಹಾಂತೇಶ್ ತನಗೂ ಇಲ್ಲಿ ಕೆಲಸವಿದೆ ಎನ್ನುವ ಹಾಗೆ ಒಳಗೆ ಬಂದು ನಿಂತ. “ಅದು ಹಂಗೇ ಅಜ್ಜಿ. ಬೆಳಕು ಮುಂದೆ ಓಡ್ತೈತೆ, ಸದ್ದು ಹಿಂದೆ ಬರ್ತೈತೆ. ಕೆರೆ ಆಚೆ ದಂಡೇಲಿ ಬಟ್ಟೆ ಒಗೆಯೋದು ನೋಡಿಲ್ವ? ಕೈ ಮೇಲೆ ಹೋದ್ಮೇಲೆ ಸದ್ದು ಕೇಳ್ತೈತೆ. ಸೈನ್ಸು.”

“ಅದು ಕೆರೆ ಆಚೆ ದಂಡೆ ಮಾರಾಯ,” ಎಂದಳು ಕೆಂಪಕ್ಕ. “ನಮ್ಮ ಫೋನು ಒರಳಿಂದ ಎರಡು ಮಾರು ದೂರ ಇತ್ತು. ಎರಡು ಮಾರಿಗೇ ಸದ್ದು ಇಷ್ಟು ಹಿಂದೆ ಬಿದ್ರೆ, ನೀನು ಈಗ ಆಡಿದ್ದು ನನಗೆ ತ್ಯಾವಣಿಗೆಗೆ ಹೋದ್ಮೇಲೆ ಕೇಳಬೇಕಾಗಿತ್ತು.”

ರಹಮತ್‌ಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಹಾಂತೇಶ್ ಮಾತ್ರ ಹೋಗಲಿಲ್ಲ.

“ಮೊದಲಿಂದ ಹಾಕು ಮಗಳೆ,” ಎಂದಳು ಕೆಂಪಕ್ಕ. “ನಡುವೆ ನಿಲ್ಲಿಸಬೇಡ. ಇದುವರೆಗೂ ನಾವು ಕೆಟ್ಟಿದ್ದನ್ನೇ ನೋಡ್ತಾ ಬಂದ್ವಿ. ಎಲ್ಲೀವರೆಗೆ ನೆಟ್ಟಗೈತೆ ಅಂತ ಇವತ್ತು ನೋಡಾನ.”

ಪರದೆಯ ಮೇಲೆ ನ್ಯಾಮತಿಯ ಅಂಗಳ ಮೂಡಿತು. ಬೆಳಗಿನ ಬಿಸಿಲು, ಕೆಂಪು ಖಾರ, ಮೂರು ಒನಕೆ. ಕೆಂಪಕ್ಕ ಬಲಗೈಯನ್ನು ತೊಡೆಯ ಮೇಲಿಟ್ಟು, ಕಣ್ಣಿಗೆ ಕಂಡ ಪ್ರತಿ ಪೆಟ್ಟಿಗೂ ಒಂದು ತಟ್ಟು ತಟ್ಟುತ್ತಾ ಹೋದಳು. ಅವಳು ತಟ್ಟಿದ್ದೂ ಸ್ಪೀಕರಿನಿಂದ ಬಂದ ಸದ್ದೂ ಒಂದರೊಳಗೊಂದು ಬೀಳುತ್ತಿದ್ದವು. ಒಂದು ನಿಮಿಷ, ಎರಡು, ಮೂರು. ಎಲ್ಲೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಆಮೇಲೆ ಅಂಗಳದಲ್ಲಿ ಗಾಳಿ ಎದ್ದಿತು. ಚೌಡಮ್ಮ ಕಣ್ಣುಜ್ಜಿಕೊಂಡಳು. ಚೌಡಮ್ಮನ ಮಗಳು ಚೌಡೇಶ್ವರಿ ಓಡಿಬಂದು ಒರಳಿನ ಸುತ್ತ, ಮೇಲೆ, ನೀಲಿ ತಾಡಪಾಲು ಎಳೆದು ಕಟ್ಟಿದಳು. ಖಾರ ಕುಟ್ಟುವಾಗ ಗಾಳಿ ಎದ್ದರೆ ಮರೆ ಕಟ್ಟದೆ ಗತಿಯಿಲ್ಲ. ಪುಡಿ ಹಾರಿದರೆ ಬೀದಿಯವರೆಲ್ಲ ಸೀನಬೇಕು. ಒನಕೆ ನಿಲ್ಲಿಸುವ ಹಾಗೂ ಇಲ್ಲ. ಕುಟ್ಟುತ್ತಲೇ ಇದ್ದರು, ಹಾಡುತ್ತಲೇ ಇದ್ದರು. ಫೋನೂ ತಾಡಪಾಲಿನ ಒಳಗೇ ಇತ್ತು.

ಕೆಂಪಕ್ಕನ ಕೈ ಎರಡು ಪೆಟ್ಟು ಸರಿಯಾಗಿ ತಟ್ಟಿತು. ಮೂರನೆಯದಕ್ಕೆ ಕೈ ಮುಂದೆ ಹೋಯಿತು, ಸದ್ದು ಹಿಂದೆ ಉಳಿಯಿತು.

“ನಿಲ್ಲಿಸು,” ಎಂದಳು. “ಬಿಸಿಲಾಗೆ ಸರಿ ಐತೆ. ತಾಡಪಾಲು ಕಟ್ಟಿದ್ಮೇಲೇ ಕೆಟ್ಟಿರೋದು.”

ಶಿವಲೀಲಾ ಅವಳ ಮುಖ ನೋಡಿದಳು, ಪರದೆ ನೋಡಿದಳು, ಹಣೆ ಚಚ್ಚಿಕೊಂಡಳು.

“ಅಯ್ಯೋ ಅಮ್ಮ, ಕತ್ತಲು! ಫೋನು ಸೆಕೆಂಡಿಗೆ ಮೂವತ್ತು ಚಿತ್ರ ತೆಗೀತೈತೆ. ಬೆಳಕು ಕಮ್ಮಿ ಆದ್ರೆ ಒಂದೊಂದು ಚಿತ್ರಾನೂ ಜಾಸ್ತಿ ಹೊತ್ತು ನೋಡ್ಕೊಂಡು ತೆಗೀತೈತೆ. ಆಗ ಸೆಕೆಂಡಿಗೆ ಇಪ್ಪತ್ನಾಲ್ಕೋ ಇಪ್ಪತ್ತೈದೋ ಮಾತ್ರ ಆಗೋದು. ನನ್ನ ಹಳೆ ಸಾಫ್ಟ್‌ವೇರಿಗೆ ಅದು ಗೊತ್ತಾಗಲ್ಲ. ಎಲ್ಲಾ ಕಡೆ ಮೂವತ್ತೇ ಐತೆ ಅಂದ್ಕೊಂಡು ಓಡಿಸ್ತೈತೆ.”

“ಅಂದ್ರೆ?” ಎಂದಳು ರಹಮತ್‌ಬೀ.

“ಅಂದ್ರೆ, ಸೇರು ತುಂಬದೇ ಇದ್ರೂ ಸೇರು ಅಂತ ಅಳೆದಂಗೆ. ಕತ್ತಲಾಗೆ ನೀವು ಒಂದು ಸೆಕೆಂಡು ಕುಟ್ಟಿದ್ದು ಇಲ್ಲಿ ಒಂದು ಸೆಕೆಂಡಿಗಿಂತ ಮೊದಲೇ ಮುಗಿದು ಹೋಗ್ತೈತೆ. ಸದ್ದು ಪಾಪ ತನ್ನ ಪಾಡಿಗೆ ನಿಜವಾದ ಹೊತ್ತಲ್ಲೇ ಬರ್ತಾ ಐತೆ.”

“ಹಂಗಾದ್ರೆ ಸದ್ದು ಹಿಂದೆ ಬಿದ್ದಿಲ್ಲ,” ಎಂದಳು ಕೆಂಪಕ್ಕ ನಿಧಾನವಾಗಿ. “ಚಿತ್ರ ಮುಂದೆ ಓಡೈತೆ.”

“ಹೌದಮ್ಮ. ಅದಕ್ಕೇ ಚಿತ್ರ ಮುಗಿದ್ರೂ ಸದ್ದು ಉಳಿದಿತ್ತು...” ಎಂದವಳು ಅಲ್ಲೇ ತಡೆದಳು.

“ಉಳಿದಿತ್ತಾ? ಎಲ್ಲೈತೆ ಅದು?”

ಶಿವಲೀಲಾ ಉಗುರು ನೋಡಿಕೊಂಡಳು. “ಮದುವೆ ಸೀಸನ್ನು ಅಮ್ಮ, ತಲೆ ಮೇಲೆ ಕೆಲಸ. ಕೊನೆಗೆ ಒಂದು ನಿಮಿಷ ಇಪ್ಪತ್ನಾಲ್ಕು ಸೆಕೆಂಡು ಬರೀ ಸದ್ದು ಜಾಸ್ತಿ ಇತ್ತು. ಬ್ಯಾಡದ್ದು ಅಂದ್ಕೊಂಡು ಸೋರೆಕಾಯಿ ತೊಟ್ಟು ಕತ್ತರಿಸಿದಂಗೆ ಕತ್ತರಿಸಿಬಿಟ್ಟೆ.”

ಖಾರ ಮುಗಿಯುವ ಹೊತ್ತಿಗೆ ಕುಟ್ಟಿದವರು ಒಬ್ಬೊಬ್ಬರಾಗಿ ತಮ್ಮ ಹೆಸರು, ಊರು ಹಾಡಿ ಒನಕೆ ಇಳಿಸುವುದು ಈ ಮೂವರ ರೂಢಿ. ಆ ಹೆಸರುಗಳು ಹಾಡಿನ ಕೊನೆಯಲ್ಲೇ ಇದ್ದವು. ಕೊನೆಯ ಸದ್ದನ್ನು ಫೋನು ಹಿಡಿದೇ ಇರಲಿಕ್ಕಿಲ್ಲ ಎಂದು ಎಂಟು ತಿಂಗಳು ಚೌಡೇಶ್ವರಿಯನ್ನು ಬೈದುಕೊಂಡಿದ್ದರು.

“ನಮ್ಮ ಹೆಸರು ಕತ್ತರಿಸಿದ್ಯೇನೇ?” ಎಂದಳು ರಹಮತ್‌ಬೀ. “ಯಾ ಅಲ್ಲಾ! ರೇಷನ್ ಕಾರ್ಡಲ್ಲಿ ಹೋತು, ಇಲ್ಲೂ ಹೋತಾ?”

ಶಿವಲೀಲಾಳ ಕಣ್ಣು ತುಂಬಿದವು. ಕೆಂಪಕ್ಕನಿಗೆ ಸಿಟ್ಟು ಬಂದಿರಲಿಲ್ಲವೆಂದಲ್ಲ. ಆದರೆ ಖಾರ ಕುಟ್ಟುವವರಿಗೆ ಒಂದು ಗೊತ್ತಿರುತ್ತದೆ, ಉರಿಯುವ ಕೈಯನ್ನು ಕಣ್ಣಿಗೆ ಒಯ್ಯಬಾರದು. ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು: “ಮೂಲದ್ದು ಐತಾ?”

“ನನ್ನತ್ರ ಅಳಿಸಿಹೋಗೈತೆ. ತೆಗೆದ ಫೋನಿನಾಗಿದ್ರೆ ಉಂಟು.”

ಫೋನು ಚೌಡೇಶ್ವರಿಯದು. ಅವಳನ್ನು ಕೊಟ್ಟಿದ್ದು ಜಗಳೂರಿಗೆ. ರಹಮತ್‌ಬೀ ಅಲ್ಲಿಂದಲೇ ಫೋನು ಹಚ್ಚಿದಳು. ಆ ಕಡೆಯಿಂದ ಚೌಡೇಶ್ವರಿಯ ಧ್ವನಿ ಎಲ್ಲರಿಗೂ ಕೇಳಿಸಿತು: “ಐತೆ ಚಿಗವ್ವ. ಗ್ಲಾಸು ಒಡೆದೈತೆ, ಆದ್ರೂ ಹಳೆ ಫೋನು ಇಟ್ಕೊಂಡೀನಿ. ಅದರಾಗೆ ನಮ್ಮವ್ವ ಅದಾಳೆ, ಹೆಂಗೆ ಅಳಿಸಲಿ? ವಾಟ್ಸಾಪಿಗೆ ಹಾಕ್ಲಾ?”

“ಬ್ಯಾಡ, ಬ್ಯಾಡ!” ಎಂದು ಶಿವಲೀಲಾ ಕೂಗಿದಳು. “ವಾಟ್ಸಾಪು ವಿಡಿಯೋನ ಹಿಂಡಿ ಸಣ್ಣ ಮಾಡಿ ಕಳಿಸ್ತೈತೆ. ನಾವೇ ಬರ್ತೀವಿ. ಅದನ್ನ ಮುಟ್ಟಬ್ಯಾಡ್ರಿ.”

ಮಾರನೆಯ ದಿನ ಬೆಳಗ್ಗೆ ಸ್ಟುಡಿಯೋದ ಬಾಗಿಲೆಳೆದು, ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು ಶಿವಲೀಲಾ ಅಜ್ಜಿಯರ ಜೊತೆ ದಾವಣಗೆರೆ ಬಸ್ಸು ಹತ್ತಿದಳು. ದಾವಣಗೆರೆಯಲ್ಲಿ ಇಳಿದು ಜಗಳೂರಿನ ಬಸ್ಸು. ದಾರಿಯುದ್ದಕ್ಕೂ ರಹಮತ್‌ಬೀ ಮಂಡಕ್ಕಿ ತಿನ್ನುತ್ತಾ ಅವಳನ್ನು ಕಿಚಾಯಿಸಿದಳು. “ಇನ್ನೊಬ್ಬರ ಮದುವೇಲಿ ಕೊನೆಗೆ ಜಾಸ್ತಿ ಆತು ಅಂತ ಗಂಡನ್ನ ಕತ್ತರಿಸಿಲ್ಲ ತಾನೆ?” ಶಿವಲೀಲಾ ಮೊದಲು ಮುಖ ಊದಿಸಿಕೊಂಡಿದ್ದಳು, ಆಮೇಲೆ ತಾನೂ ಮಂಡಕ್ಕಿಗೆ ಕೈ ಹಾಕಿದಳು.

ಚೌಡೇಶ್ವರಿಯ ಮನೆಯಲ್ಲಿ ಫೋನು ಚಾರ್ಜಿಗೆ ಹಾಕಿ ಸಿದ್ಧವಾಗಿತ್ತು. ಬಿರುಕುಬಿಟ್ಟ ಗ್ಲಾಸಿನ ಕೆಳಗೆ ಅಂಗಳ ಕಾಣಿಸಿತು. ಶಿವಲೀಲಾ ತಾಡಪಾಲು ಕಟ್ಟಿದ ಮೇಲಿನ ಭಾಗಕ್ಕೆ ಸರಿಸಿ ಬಿಟ್ಟಳು. ಒನಕೆ ಬಿತ್ತು, ಸದ್ದು ಬಂತು. ಎರಡೂ ಒಟ್ಟಿಗೇ.

“ಇದರಾಗೆ ಸರಿ ಐತಲ್ಲೇ!” ಎಂದು ರಹಮತ್‌ಬೀ ಬೆರಗಾದಳು.

“ಫೋನಿಗೆ ಗೊತ್ತೈತೆ ಅಮ್ಮ. ಯಾವ ಚಿತ್ರ ಯಾವ ಗಳಿಗೇಲಿ ತೆಗೆದಿದ್ದು ಅಂತ ಒಂದೊಂದರ ಬೆನ್ನಿಗೂ ಬರೆದಿಟ್ಕೊಂಡಿರ್ತೈತೆ. ನನ್ನ ಸಾಫ್ಟ್‌ವೇರು ಅದನ್ನ ಓದಲ್ಲ, ಅಷ್ಟೆ.”

ತಂತಿ ಸಿಕ್ಕಿಸಿ ಕಡತವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಹನ್ನೊಂದು ನಿಮಿಷದ ವಿಡಿಯೋ; ಬಿಸಿಲಿನದು ನಾಲ್ಕು, ತಾಡಪಾಲಿನ ಒಳಗಿನದು ಏಳು. ಒಟ್ಟು ಚಿತ್ರಗಳನ್ನು ಒಟ್ಟು ಹೊತ್ತಿನಿಂದ ಭಾಗಿಸಿದಳು. ಸೆಕೆಂಡಿಗೆ ಇಪ್ಪತ್ತಾರು ಚಿಲ್ಲರೆ ಬಂತು. ಎಲ್ಲ ಕಡೆಗೂ ಅದನ್ನೇ ಕೊಟ್ಟು ಓಡಿಸಿದಳು. ಮೊದಲು ಕೂಡಿತು. ಕೊನೆಗೆ ಹಾರಿಸಿ ನೋಡಿದಳು, ಕೊನೆಯೂ ಕೂಡಿತು.

“ಆತು!” ಎಂದು ಚಪ್ಪಾಳೆ ತಟ್ಟಿದಳು.

ಚೌಡೇಶ್ವರಿ ಕಾಫಿಗಿಡಲು ಎದ್ದಳು. ಕೆಂಪಕ್ಕ ಮಾತ್ರ ಅಲುಗಲಿಲ್ಲ. “ನಡುವೆ ಹಾಕು,” ಎಂದಳು.

ನಡುವೆ ಹಾಕಿದರೆ ಈಗ ಚಿತ್ರವೇ ಹಿಂದೆ ಉಳಿದಿತ್ತು. ಒನಕೆ ಇನ್ನೂ ಮೇಲಿರುವಾಗಲೇ ಪೆಟ್ಟಿನ ಸದ್ದು.

“ಸೀರೆ ಎರಡು ತುದಿ ಕೂಡಿಸಿದ್ರೆ ನಡುವಿನ ಸುಕ್ಕು ಹೋಗ್ತೈತಾ ಮಗಳೆ?” ಎಂದಳು ಕೆಂಪಕ್ಕ. “ನೀನು ಬಿಸಿಲಿನ ಹೊತ್ತನ್ನೂ ಕತ್ತಲಿನ ಹೊತ್ತನ್ನೂ ಕಲಸಿ ಸರಾಸರಿ ಮಾಡಿದಿ. ಬಿಸಿಲಿನದ್ದು ಬಿಸಿಲಿಗೆ ಇರಲಿ, ಕತ್ತಲಿನದ್ದು ಕತ್ತಲಿಗೆ. ಒಂದೊಂದರ ಬೆನ್ನಿಗೂ ಗಳಿಗೆ ಬರೆದೈತೆ ಅಂದ್ಯಲ್ಲ, ಅದರ ಪ್ರಕಾರ ಕೂಡಿಸಾಕೆ ಬರಲ್ವಾ?”

“ಬರ್ತೈತೆ ಅಮ್ಮ. ಬೇರೆ ಒಂದು ಪ್ರೋಗ್ರಾಮು ಐತೆ, ಅದು ಓದ್ತೈತೆ. ಸೆಕೆಂಡಿಗೆ ಮೂವತ್ತು ಮನೆ ಮಾಡಿ, ಪ್ರತಿ ಚಿತ್ರಾನೂ ಅದರ ಗಳಿಗೆ ನೋಡಿ ಕೂರಿಸ್ತೈತೆ. ಆದ್ರೆ ಕತ್ತಲಾಗೆ ಇಪ್ಪತ್ನಾಲ್ಕೇ ಚಿತ್ರ, ಆರು ಮನೆ ಖಾಲಿ ಉಳೀತವೆ.”

“ಖಾಲಿ ಯಾಕೆ ಬಿಡ್ತೀ? ತಾಳಕ್ಕೆ ಪದ ಸಾಲದಿದ್ರೆ ನಾವೇನು ಬಾಯಿ ಮುಚ್ಕೊಂಡಿರ್ತೀವಾ? ಹಿಂದಿನ ಪದಾನೇ ಎಳೀತೀವಿ.”

ಶಿವಲೀಲಾ ಒಂದು ಕ್ಷಣ ಅವಳನ್ನೇ ನೋಡಿದಳು. “ಅದು ಮಾಡೋದೂ ಅದನ್ನೇ ಅಮ್ಮ. ಖಾಲಿ ಮನೇಲಿ ಹಿಂದಿನ ಚಿತ್ರಾನೇ ಇನ್ನೊಂದು ಸಲ ಇಡ್ತೈತೆ.”

ಹಾಗೆಂದು ಕೂತಳು. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯ ಹಾಗೆ ಮುಂದೆ ಸರಿಯಿತು. ಮೂವತ್ತು ನಿಮಿಷ ಹಿಡಿಯಿತು. ಕಾಫಿ ಕುಡಿದರು. ಚೌಡೇಶ್ವರಿ ಮನೆಯ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು.

ಪಟ್ಟಿ ತುಂಬಿತು. ಶಿವಲೀಲಾ ಈ ಸಲ ಚಪ್ಪಾಳೆ ತಟ್ಟಲಿಲ್ಲ. ಸುಮ್ಮನೆ ಒತ್ತಿದಳು, ಮೊದಲಿನಿಂದ.

ಕೆಂಪಕ್ಕನ ಕೈ ತೊಡೆಯ ಮೇಲೆ ತಟ್ಟತೊಡಗಿತು. ಬಿಸಿಲಿನ ನಾಲ್ಕು ನಿಮಿಷ ಕಳೆಯಿತು. ಗಾಳಿ ಎದ್ದಿತು. ತಾಡಪಾಲು ಬಂತು. ಎರಡು ಪೆಟ್ಟು, ಮೂರು, ಹತ್ತು, ಇಪ್ಪತ್ತು, ನೂರು. ಕೈಗೂ ಕಣ್ಣಿಗೂ ಕಿವಿಗೂ ನಡುವೆ ಕೂದಲು ತೂರುವಷ್ಟೂ ಸಂದಿಲ್ಲ. ರಹಮತ್‌ಬೀಯ ಕೈಯೂ ತೊಡೆಯ ಮೇಲೆ ಬಿತ್ತು. ಆರನೆಯ ನಿಮಿಷ ಸರಿ, ಎಂಟನೆಯದು ಸರಿ. ಒಂಬತ್ತೂವರೆ ನಿಮಿಷಕ್ಕೆ ಮೊದಲಿನ ವಿಡಿಯೋ ಮುಗಿದುಹೋಗುತ್ತಿತ್ತು. ಇದು ಮುಗಿಯಲಿಲ್ಲ, ಮುಂದೆ ಹೋಯಿತು.

ತಾಡಪಾಲಿನ ನೀಲಿ ನೆರಳಿನಲ್ಲಿ ರಹಮತ್‌ಬೀ ತನ್ನ ಹೆಸರು ಹಾಡಿ ಒನಕೆ ಇಳಿಸಿದಳು. ಕೆಂಪಕ್ಕ ತನ್ನ ಹೆಸರು, ತ್ಯಾವಣಿಗೆಯ ಹೆಸರು ಹಾಡಿ ಇಳಿಸಿದಳು. ಆಮೇಲೆ ಚೌಡಮ್ಮ ಒಬ್ಬಳೇ ಒರಳಿನ ಮುಂದೆ ಉಳಿದಳು. ಬೆವರು ಒರೆಸಿಕೊಳ್ಳದೆ, ಒನಕೆ ಎತ್ತಿ, ಬಾಯಿ ತುಂಬ ತೆರೆದಳು:

“ನ್ಯಾಮತಿ ಊರಾಕಿ, ಚೌಡಿ ನಾ ಕುಟ್ಟೀನಿ,
ಉಂಡೋರ ನಾಲಿಗೆ ನೆನೆದಾವು...”

ಒಂದೊಂದು ಅಕ್ಷರವೂ ಅವಳ ತುಟಿಯಿಂದಲೇ ಹೊರಟಿತು. ಕೊನೆಯ ಪೆಟ್ಟು ಒರಳಿನ ತಳ ಮುಟ್ಟಿದಾಗಲೇ ಅದರ ಸದ್ದೂ ಮುಟ್ಟಿತು.

ಚೌಡೇಶ್ವರಿ “ಅವ್ವಾ” ಎಂದು ಪರದೆಯ ಅಂಚು ಹಿಡಿದುಕೊಂಡಳು. ರಹಮತ್‌ಬೀ ಎದ್ದು ನಿಂತು, ಅರವತ್ತೆಂಟು ವರ್ಷದ ಮಂಡಿಯನ್ನೂ ಲೆಕ್ಕಿಸದೆ ಒಂದು ಸುತ್ತು ತಿರುಗಿ, ಶಿವಲೀಲಾಳ ಎರಡೂ ಕೆನ್ನೆಗೆ ಲಟಿಕೆ ಮುರಿದಳು. “ಭಲೇ ನನ್ನ ಬಂಗಾರಿ! ಕತ್ತರಿಸಿದಾಕೀನೇ ಹೊಲೆದು ಕೊಟ್ಟಳು ನೋಡು! ಎಲ್ಲಿ, ಈಗ ಬರಲಿ ಅವರು, ಸುಳ್ಳು ಅನ್ಲಿ!” ಪಕ್ಕದ ಮನೆಯ ಹೆಂಗಸರು ಗದ್ದಲ ಕೇಳಿ ಇಣುಕಿದರು. ಅವರನ್ನೂ ಒಳಗೆ ಕರೆದು ಮತ್ತೆ ಮೊದಲಿನಿಂದ ಹಾಕಿದರು. ಎರಡನೆಯ ಸಲ ಹಾಕಿದಾಗ ಜಗಳೂರಿನ ಆ ನಡುಮನೆಯಲ್ಲಿ ಎಂಟು ಹೆಂಗಸರ ಕೈ ಒಂದೇ ತಾಳಕ್ಕೆ ಬೀಳುತ್ತಿತ್ತು.

ಕೆಂಪಕ್ಕ ನಗುತ್ತಿದ್ದಳು. ಕೆನ್ನೆ ಒದ್ದೆಯಾಗಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಹಾಡು ಮುಗಿಯುವವರೆಗೂ ಕಾದು, “ಒಂದು ಹಾಳೆ ಕೊಡವ್ವ,” ಎಂದು ಚೌಡೇಶ್ವರಿಯನ್ನು ಕೇಳಿದಳು. ಮನೆಯಲ್ಲಿ ಅರ್ಧಕ್ಕೆ ನಿಂತ ಹಾಳೆಯ ಹಂಗು ಈಗ ಬೇಕಿರಲಿಲ್ಲ. ಗೋಡೆಗೆ ಒರಗಿ, ಮಂಡಿಯ ಮೇಲೆ ಹಲಗೆಯಿಟ್ಟು, ದಪ್ಪ ದುಂಡಕ್ಷರದಲ್ಲಿ ನಿಲ್ಲದೆ ಬರೆದಳು.

“ಸ್ವಾಮಿ, ನೀವು ಕಂಡದ್ದು ನಿಜ, ತಿಳಿದದ್ದು ಮಾತ್ರ ತಪ್ಪು. ಖಾರ ಹಾರಬಾರದೆಂದು ನಾವು ತಾಡಪಾಲು ಕಟ್ಟಿದೆವು. ಕತ್ತಲಾಗಿ ಫೋನು ಕಡಿಮೆ ಚಿತ್ರ ತೆಗೆಯಿತು. ಅದನ್ನು ತಿಳಿಯದೆ ಜೋಡಿಸಿದ್ದರಿಂದ ಚಿತ್ರ ಓಡಿತು, ಕೊನೆಯ ಹಾಡು ಬಿಟ್ಟುಹೋಯಿತು. ಈಗ ಒಂದೊಂದು ಚಿತ್ರವನ್ನೂ ಅದರದರ ಗಳಿಗೆಯಲ್ಲಿ ಕೂರಿಸಿದ್ದೇವೆ. ಫೋನಿನ ಮೂಲವನ್ನೂ ಜೊತೆಗೆ ಇಟ್ಟಿದ್ದೇವೆ, ಬೇಕಾದರೆ ನೀವೇ ಕೂರಿಸಿ ನೋಡಿರಿ. ಮೂವರಲ್ಲಿ ಚೌಡಮ್ಮ ಈಗಿಲ್ಲ. ಆಕೆಯ ಹೆಸರನ್ನು ಆಕೆಯೇ ಹೇಳುತ್ತಾಳೆ, ಹತ್ತನೆಯ ನಿಮಿಷ ದಾಟಿದ ಮೇಲೆ ಕೇಳಿರಿ.”

ಕೆಳಗೆ ಸಹಿ ಹಾಕಿ ರಹಮತ್‌ಬೀಗೆ ಕೊಟ್ಟಳು. ರಹಮತ್‌ಬೀ ಹೆಬ್ಬೆಟ್ಟು ಒತ್ತದೆ, ನಾಲಿಗೆ ಕಚ್ಚಿಕೊಂಡು ಮೂರು ನಿಮಿಷ ಹಿಡಿದು ತನ್ನ ಹೆಸರು ಬರೆದಳು. ಶಿವಲೀಲಾ ಪೆನ್‌ಡ್ರೈವನ್ನು ಹತ್ತಿಯಲ್ಲಿ ಸುತ್ತಿ ಲಕೋಟೆಯೊಳಗೆ ಇಟ್ಟಳು.

ಅಂಚೆ ಕಚೇರಿಯ ಕಿಟಕಿಯ ಮುಂದೆ ನಾಲ್ವರೂ ಒಟ್ಟಿಗೆ ನಿಂತರು. ಒಳಗಿದ್ದ ಗುಮಾಸ್ತ ಲಕೋಟೆಯನ್ನು ತೂಕಕ್ಕಿಟ್ಟು, ಇಷ್ಟು ಜನವನ್ನು ನೋಡಿ, “ಇದೊಂದಕ್ಕೆ ನಾಲ್ಕು ಜನ ಬರಬೇಕಾ ಅಮ್ಮ?” ಎಂದ.

“ನಾಲ್ಕಲ್ಲಪ್ಪ, ಐದು,” ಎಂದಳು ರಹಮತ್‌ಬೀ. “ನಿನಗೆ ಕಾಣೋದು ನಾಲ್ಕು.”

ಅವನು ನಕ್ಕು ರಸೀದಿ ಹರಿದುಕೊಟ್ಟ. ಸ್ಪೀಡ್ ಪೋಸ್ಟು, ಮೂರು ದಿನದೊಳಗೆ ಮುಟ್ಟುತ್ತದೆ ಎಂದ. ಹೊರಗೆ ಟಪಾಲಿನ ಕೆಂಪು ವ್ಯಾನು ಆಗಲೇ ಬಂದು ನಿಂತಿತ್ತು. ಚೀಲದ ಬಾಯಿ ಕಟ್ಟಿದರು, ವ್ಯಾನಿಗೆ ಎತ್ತಿ ಹಾಕಿದರು. ವ್ಯಾನು ದಾವಣಗೆರೆ ರಸ್ತೆಗೆ ತಿರುಗುವವರೆಗೂ ಕೆಂಪಕ್ಕ ಮೆಟ್ಟಿಲ ಮೇಲೆ ನಿಂತೇ ಇದ್ದಳು.